ದೃಷ್ಟಿಯನ್ನು ಉಳಿಸಿಕೊಳ್ಳುವ ಬಗೆ: ಗ್ಲಾಕೋಮಾ ಮತ್ತು ಕಣ್ಣಿನ ರಕ್ತನಾಳಗಳ ಚಿತ್ರ

(ವಾರ್ಷಿಕ ಉತ್ಸವದ ಅಂಗವಾಗಿ ನಡೆದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉತ್ಸವವೆಂದರೆ ಮೊದಲಾಗಿ ದರ್ಶನ. ಧ್ವಜಾರೋಹಣದ ದಿನದಿಂದ ಅವಭೃತ ಸ್ನಾನದ ತನಕ ದೂರದೂರದ ಊರುಗಳಿಂದ ಭಕ್ತರು ಬರುವುದು ದೇವರನ್ನು ಕಣ್ತುಂಬ ನೋಡುವುದಕ್ಕೆ. ಕೈಮುಗಿಯಲು ಕೈ ಬೇಕು, ಪ್ರದಕ್ಷಿಣೆಗೆ ಕಾಲು ಬೇಕು, ನಾಮಸ್ಮರಣೆಗೆ ನಾಲಿಗೆ ಬೇಕು. ಆದರೆ ಮಹಾಪೂಜೆಯ ಹೊತ್ತಿಗೆ ಗರ್ಭಗುಡಿಯ ಬಾಗಿಲು ತೆರೆದಾಗ ಎಲ್ಲರೂ ಕತ್ತು ಚಾಚುವುದು ಒಂದು ನೋಟಕ್ಕಾಗಿ. ಇಂಥ ಕಣ್ಣನ್ನು ಸದ್ದಿಲ್ಲದೆ ಕಸಿದುಕೊಳ್ಳುವ ಗ್ಲಾಕೋಮಾ ಎಂಬ ರೋಗದ ಬಗ್ಗೆ, ಅದನ್ನು ಹಿಡಿಯಲು ಈಗ ಒದಗಿರುವ ಹೊಸ ಉಪಾಯದ ಬಗ್ಗೆ ನಾಲ್ಕು ಮಾತುಗಳನ್ನು ಈ ಪವಿತ್ರ ಸನ್ನಿಧಿಯಲ್ಲಿ ಹೇಳುವುದು ಉಚಿತವೇ ಆಗಿದೆ.

ಕಣ್ಣಿನ ಪೊರೆ ಎಂದರೆ ಎಲ್ಲರಿಗೂ ಗೊತ್ತು. ನೋಟ ಮಂಜಾಗುತ್ತದೆ, ಶಸ್ತ್ರಚಿಕಿತ್ಸೆ ಮಾಡಿ ಮಸೂರ ಹಾಕಿದರೆ ಪುನಃ ಬೆಳಕಾಗುತ್ತದೆ. ಗ್ಲಾಕೋಮಾ ಹಾಗಲ್ಲ. ಅದರಲ್ಲಿ ಹೋದ ದೃಷ್ಟಿ ಹೋದದ್ದೇ. ಯಾವ ಶಸ್ತ್ರಚಿಕಿತ್ಸೆಯಿಂದಲೂ ಅದು ಹಿಂದಿರುಗುವುದಿಲ್ಲ. ನೇತ್ರದಾನದಿಂದ ಬಂದ ಕಣ್ಣನ್ನು ಹಾಕಿಸಿದರಾಯಿತು ಎಂದು ಕೆಲವರು ತಿಳಿದಿದ್ದಾರೆ. ನೇತ್ರದಾನ ಬಹಳ ದೊಡ್ಡ ಪುಣ್ಯಕಾರ್ಯವೇ ಸರಿ. ಆದರೆ ಅದರಲ್ಲಿ ಕಸಿ ಮಾಡುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ಮಾತ್ರ. ಗ್ಲಾಕೋಮಾ ಹಾಳುಮಾಡುವುದು ಕಣ್ಣಿನ ಹಿಂದಿನಿಂದ ಮೆದುಳಿಗೆ ಹೋಗುವ ದೃಷ್ಟಿನರವನ್ನು. ಆ ನರವನ್ನು ಬದಲಾಯಿಸುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ.

ಈ ರೋಗ ಹೇಗೆ ಬರುತ್ತದೆಂಬುದನ್ನು ಕಾಸರಗೋಡಿನ ಕಡೆಯ ಕೃಷಿಕರಿಗೆ ವಿವರಿಸುವುದು ಕಷ್ಟವಲ್ಲ. ಗುಡ್ಡದ ಸುರಂಗದಿಂದ ನೀರು ಸಣ್ಣಗೆ ಹರಿದು ಬಂದು ಕೆರೆಯಲ್ಲಿ ನಿಲ್ಲುತ್ತದೆ, ತೂಬಿನ ಮೂಲಕ ತೋಟಕ್ಕೆ ಹೋಗುತ್ತದೆ. ಬರುವಷ್ಟು ನೀರು ಹೋಗುತ್ತಿದ್ದರೆ ಕೆರೆಗೆ ತೊಂದರೆಯಿಲ್ಲ. ತೂಬಿಗೆ ಕಸ ಸಿಕ್ಕಿಕೊಂಡಿತೋ, ನೀರು ಏರುತ್ತದೆ, ಕಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಕಣ್ಣಿನ ಒಳಗೂ ಹೀಗೆಯೇ ಒಂದು ತಿಳಿನೀರು ಹಗಲಿರುಳು ಉತ್ಪತ್ತಿಯಾಗಿ ಒಂದು ಸಣ್ಣ ಜಾಲರಿಯ ಮೂಲಕ ಹೊರಗೆ ಹೋಗುತ್ತಿರುತ್ತದೆ. ಅಳುವಾಗ ಬರುವ ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ಆ ಜಾಲರಿ ಕಟ್ಟಿಕೊಂಡರೆ ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ಸಾಧಾರಣವಾಗಿ ಇದು ಪಾದರಸದ 10ರಿಂದ 21 ಮಿಲಿಮೀಟರ್ ಅಳತೆಯೊಳಗೆ ಇರುತ್ತದೆ. ಒತ್ತಡ ಹೆಚ್ಚಾದಾಗ ಅದರ ಪೆಟ್ಟು ಬೀಳುವುದು ಹಿಂದೆ ಇರುವ ದೃಷ್ಟಿನರದ ಬುಡಕ್ಕೆ. ಒಂದೊಂದು ಕಣ್ಣಿನ ದೃಷ್ಟಿನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಅವು ಒಂದೊಂದಾಗಿ ಸಾಯತೊಡಗುತ್ತವೆ.

ಇದರಲ್ಲಿ ಮೋಸವಿರುವುದು ಎಲ್ಲಿ ಎಂದರೆ, ಮೊದಲು ಹೋಗುವುದು ನಡುವಿನ ನೋಟವಲ್ಲ, ಬದಿಯ ನೋಟ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಎರಡಕ್ಕೂ ಕಾಣದ ಜಾಗವನ್ನು ಮೆದುಳೇ ಹೇಗೋ ಹೊಂದಿಸಿಕೊಳ್ಳುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಪಂಚಾಂಗ ಓದಲು ಬರುತ್ತದೆ, ಸೂಜಿಗೆ ನೂಲು ಪೋಣಿಸಲು ಬರುತ್ತದೆ. ದೇವರ ಮುಖದ ಅಲಂಕಾರ ಸ್ಪಷ್ಟವಾಗಿ ಕಾಣುತ್ತದೆ. ಆದರೆ ದರ್ಶನ ಮುಗಿಸಿ ತಿರುಗುವಾಗ ಹೊಸ್ತಿಲು ಎಡವುತ್ತದೆ, ಪಕ್ಕದಲ್ಲಿ ನಿಂತವರಿಗೆ ಭುಜ ತಾಗುತ್ತದೆ, ಮೆಟ್ಟಿಲ ಕೊನೆ ತಪ್ಪುತ್ತದೆ. ಅಜ್ಜನಿಗೆ ವಯಸ್ಸಾಯಿತು ಎಂದು ಮನೆಯವರು ಹೇಳಿ ಸುಮ್ಮನಾಗುತ್ತಾರೆ. ಹೀಗೆ ಎಡವುವವರೆಲ್ಲರಿಗೂ ಗ್ಲಾಕೋಮಾ ಇದೆ ಎಂದಲ್ಲ. ಆದರೆ ಎಡವಿದ್ದಕ್ಕೆ ವಯಸ್ಸೊಂದೇ ಕಾರಣ ಎಂದು ಮನೆಯಲ್ಲೇ ತೀರ್ಪು ಕೊಡುವುದೂ ಸರಿಯಲ್ಲ.

ಇದು ಎಲ್ಲೋ ಅಪರೂಪಕ್ಕೆ ಬರುವ ಕಾಯಿಲೆಯೂ ಅಲ್ಲ. ಭಾರತದಲ್ಲಿ 40 ವರ್ಷ ದಾಟಿದವರಲ್ಲಿ ಸುಮಾರು 1 ಕೋಟಿ 12 ಲಕ್ಷ ಮಂದಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರು ತಮಿಳುನಾಡಿನ ಹಳ್ಳಿಗಳಲ್ಲಿ 40 ದಾಟಿದ 5,150 ಮಂದಿಯನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ವರದಿಯಂತೆ, ನೂರರಲ್ಲಿ 2.6 ಮಂದಿಗೆ ಈ ರೋಗವಿತ್ತು. ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು 1996ರಿಂದ 2000ದ ತನಕ ಅಂದಿನ ಆಂಧ್ರಪ್ರದೇಶದಲ್ಲಿ ಹಿರಿದೊಂದು ಸಮೀಕ್ಷೆ ನಡೆಸಿದರು. ಕನ್ನಡಿಗರು ಬಹಳ ಹಿಂದಿನಿಂದ ನೆಲೆಸಿರುವ ಮಹಬೂಬನಗರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಇಂಥ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಯೆಂದರೆ, ರೋಗವಿದ್ದವರಲ್ಲಿ ಬಹುಪಾಲು ಮಂದಿಗೆ, ಹಲವು ಕಡೆ ಹತ್ತರಲ್ಲಿ ಒಂಬತ್ತು ಮಂದಿಗೆ, ತಮಗೆ ರೋಗವಿದೆಯೆಂಬುದೇ ತಿಳಿದಿರಲಿಲ್ಲ.

ಕಣ್ಣಿನ ಒತ್ತಡವನ್ನು ಅಳೆದುಬಿಟ್ಟರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ಒತ್ತಡ 21ಕ್ಕಿಂತ ಹೆಚ್ಚಿದ್ದರೂ ನರ ಹಾಳಾಗದೆ ಇರುವವರಿದ್ದಾರೆ. ಒತ್ತಡ 15 ಇದ್ದು, ಎಲ್ಲ ಸರಿಯಿದೆ ಎನ್ನುವಂತೆ ತೋರುತ್ತಾ, ಒಳಗಿಂದೊಳಗೆ ನರ ಸಾಯುತ್ತಿರುವವರೂ ಇದ್ದಾರೆ. ಅಂಥವರಲ್ಲಿ ನರದ ಬುಡಕ್ಕೆ ರಕ್ತದ ಪೂರೈಕೆ ಸಾಲದಿರುವುದು ಒಂದು ಕಾರಣವಾಗಿರಬಹುದೆಂದು ವೈದ್ಯರು ಬಹುಕಾಲದಿಂದ ಸಂಶಯಪಡುತ್ತಾ ಬಂದಿದ್ದಾರೆ. ಆದುದರಿಂದ ಒತ್ತಡವನ್ನು ಅಳೆದರೆ ಅರ್ಧ ಕೆಲಸವಾಯಿತು. ನರವನ್ನೂ ಅದಕ್ಕೆ ನೆತ್ತರು ಒಯ್ಯುವ ನಾಳಗಳನ್ನೂ ಕಣ್ಣಾರೆ ನೋಡಿದರೆ ಮಾತ್ರ ಉಳಿದರ್ಧ.

ಇಲ್ಲಿ ಭಗವಂತನ ಸೃಷ್ಟಿಯ ಒಂದು ಕೌತುಕವನ್ನು ನೆನೆಯಬೇಕು. ಮನುಷ್ಯನ ದೇಹದಲ್ಲಿ ಚರ್ಮವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಸ್ಥಳಗಳು ಬಹಳ ಕಡಿಮೆ. ಅವುಗಳಲ್ಲಿ ಒಂದು ಕಣ್ಣಿನ ಹಿಂಭಾಗದ ಅಕ್ಷಿಪಟಲ. ಪಾಪೆಯೆಂಬ ಕಿಂಡಿಯಲ್ಲಿ ಬೆಳಕು ಬಿಟ್ಟು ಇಣುಕಿದರೆ ಒಳಗಿನದ್ದೆಲ್ಲ ಕಾಣುತ್ತದೆ. ಹಾಗೆ ಇಣುಕುವ ಉಪಕರಣವನ್ನು 1851ರಲ್ಲಿ ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಜಗತ್ತಿಗೆ ಪರಿಚಯಿಸಿದರು. ಅಂದಿನಿಂದ ವೈದ್ಯರು ದೃಷ್ಟಿನರದ ಬುಡವನ್ನು ನೋಡಿ ಗ್ಲಾಕೋಮಾವನ್ನು ಗುರುತಿಸುತ್ತಾ ಬಂದರು. ಆ ಬುಡ ಒಂದು ಸಣ್ಣ ತಟ್ಟೆಯಂತಿರುತ್ತದೆ, ನಡುವೆ ಒಂದು ಗುಳಿ. ನರದ ಎಳೆಗಳು ಸತ್ತಂತೆ ಗುಳಿ ದೊಡ್ಡದಾಗುತ್ತದೆ, ಅಂಚು ತೆಳ್ಳಗಾಗುತ್ತದೆ. ಆಧಾರ ತಪ್ಪಿದ ರಕ್ತನಾಳಗಳು ಮೂಗಿನ ಬದಿಗೆ ಸರಿಯುತ್ತವೆ, ಗುಳಿಯ ಅಂಚಿನಲ್ಲಿ ಥಟ್ಟನೆ ಬಾಗುತ್ತವೆ. ಕೆಲವೊಮ್ಮೆ ಆ ತಟ್ಟೆಯ ಅಂಚಿನಲ್ಲಿ ದೀಪದ ಕುಡಿಯ ಆಕಾರದ ಒಂದು ಸಣ್ಣ ರಕ್ತದ ಗೆರೆ ಕಾಣುತ್ತದೆ. ರೋಗಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಕೆಲವು ವಾರಗಳಲ್ಲಿ ಅದು ಮಾಯವಾಗಿಬಿಡುತ್ತದೆ. ಆದರೆ ರೋಗ ಮುಂದುವರಿಯುತ್ತಿದೆ ಎಂಬುದಕ್ಕೆ ಅದು ದೊಡ್ಡ ಎಚ್ಚರಿಕೆ. ಕೆನಡಾದ ಸ್ಟೀಫನ್ ಡ್ರಾನ್ಸ್ ಎಂಬ ವೈದ್ಯರು ಇದರ ಮಹತ್ವವನ್ನು ಒತ್ತಿ ಹೇಳಿದವರು. ಅಂಥ ಗೆರೆ ಇರುವ ದಿನವೇ ಫೋಟೋ ತೆಗೆದಿಟ್ಟರೆ ದಾಖಲೆ ಉಳಿಯುತ್ತದೆ. ಅಕ್ಷಿಪಟಲದ ಫೋಟೋ ತೆಗೆಸಬೇಕೆನ್ನುವುದು ಇದಕ್ಕಾಗಿಯೇ.

ಆದರೆ ಬರಿಗಣ್ಣಿಗೆ, ಫೋಟೋಕ್ಕೆ ಕಾಣುವುದು ದೊಡ್ಡ ನಾಳಗಳು. ಕೂದಲಿಗಿಂತ ಎಷ್ಟೋ ಸಪೂರವಾದ ನಾಳಗಳನ್ನು ನೋಡುವುದು ಹೇಗೆ? ಅಮೆರಿಕದ ಇಂಡಿಯಾನಾದಲ್ಲಿ ಹೆರಾಲ್ಡ್ ನೊವಾಟ್ನಿ ಮತ್ತು ಡೇವಿಡ್ ಆಲ್ವಿಸ್ ಎಂಬ ಇಬ್ಬರು ವೈದ್ಯವಿದ್ಯಾರ್ಥಿಗಳು ಫ್ಲೋರೆಸಿನ್ ಎಂಬ ಬಣ್ಣವನ್ನು ಕೈಯ ನರಕ್ಕೆ ಚುಚ್ಚಿ, ಅದು ಕಣ್ಣಿಗೆ ಬಂದಾಗ ನೀಲಿ ಬೆಳಕಿನಲ್ಲಿ ಹೊಳೆಯುವುದನ್ನು ಫೋಟೋ ತೆಗೆಯುವ ಕ್ರಮವನ್ನು 1961ರಲ್ಲಿ ಪ್ರಕಟಿಸಿದರು. ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಣ್ಣುಗಳಿಗೆ ಇದು ಮಹದುಪಕಾರ ಮಾಡಿತು, ಇಂದಿಗೂ ಮಾಡುತ್ತಿದೆ. ಆದರೆ ಸೂಜಿ ಚುಚ್ಚಬೇಕು, ಒಂದು ದಿನ ಮೈಯೂ ಮೂತ್ರವೂ ಹಳದಿಯಾಗುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ, ಅಪರೂಪಕ್ಕೆ ಬಣ್ಣವು ಮೈಗೆ ಒಗ್ಗದೆ ಅಪಾಯವೂ ಆಗಬಹುದು. ವರ್ಷಕ್ಕೆ ಒಂದೆರಡು ಸಲದಂತೆ ಜೀವಮಾನವಿಡೀ ನೋಡುತ್ತಿರಬೇಕಾದ ಗ್ಲಾಕೋಮಾಕ್ಕೆ ಇದು ಹೊಂದುವ ಮಾರ್ಗವಲ್ಲ.

ದಾರಿ ತೆರೆದದ್ದು 1991ರಲ್ಲಿ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು ಓಸಿಟಿ ಎಂಬ ತಂತ್ರವನ್ನು ಪ್ರಕಟಿಸಿದರು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಶಬ್ದದ ಅಲೆ ಕಳುಹಿಸಿ ಪ್ರತಿಧ್ವನಿಯಿಂದ ಚಿತ್ರ ಬರೆಯುವಂತೆ, ಇಲ್ಲಿ ಕಣ್ಣಿಗೆ ಕಾಣದ ಬೆಳಕಿನ ಕಿರಣವನ್ನು ಕಳುಹಿಸಿ ಅದು ಯಾವ ಆಳದಿಂದ ಹಿಂದೆ ಬಂತೆಂದು ಲೆಕ್ಕಹಾಕಿ ಅಕ್ಷಿಪಟಲದ ಪದರ ಪದರವನ್ನೂ ಚಿತ್ರಿಸುತ್ತಾರೆ. ಮುಟ್ಟುವುದಿಲ್ಲ, ಚುಚ್ಚುವುದಿಲ್ಲ. ಕೆಲವು ಕ್ಷಣ ಗಲ್ಲವನ್ನು ಪೀಠದ ಮೇಲಿಟ್ಟು ಒಂದು ಬಿಂದುವನ್ನು ನೋಡಿದರಾಯಿತು. ಈ ಮೂವರಿಗೆ 2023ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಂದಿತು.

ಇದೇ ಯಂತ್ರವನ್ನು ಮುಂದುವರಿಸಿ ರಕ್ತನಾಳಗಳ ಚಿತ್ರ ತೆಗೆಯುವ ಕ್ರಮಕ್ಕೆ ಓಸಿಟಿ ಆಂಜಿಯೋಗ್ರಫಿ ಎಂದು ಹೆಸರು. ಹೃದಯದ ಆಂಜಿಯೋಗ್ರಾಮ್‌ನಂತೆ ಇದರಲ್ಲಿ ತೊಡೆಗೋ ಕೈಗೋ ಕೊಳವೆ ಹಾಕುವುದಿಲ್ಲ, ಹೆದರುವ ಅಗತ್ಯವಿಲ್ಲ. ಇದರ ಗುಟ್ಟು ಉತ್ಸವಕ್ಕೆ ಬಂದವರಿಗೆ ಸುಲಭವಾಗಿ ತಿಳಿಯುವಂಥದು. ರಾತ್ರಿ ಬಲಿಯ ಹೊತ್ತಿಗೆ ಗೋಪುರದ ಮೇಲೆ ಒಂದೇ ಕಡೆ ಕೆಮರಾ ಇಟ್ಟು ಅಂಗಣದ ಎರಡು ಫೋಟೋಗಳನ್ನು ಒಂದರ ಹಿಂದೆ ಒಂದರಂತೆ ತೆಗೆದರೆನ್ನಿ. ಕಂಬ, ಧ್ವಜಸ್ತಂಭ, ಬಲಿಕಲ್ಲು ಎರಡರಲ್ಲೂ ಇದ್ದಲ್ಲೇ ಇರುತ್ತವೆ. ಜನ ಮಾತ್ರ ಜಾಗ ಬದಲಿಸಿರುತ್ತಾರೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ಬದಲಾಗದ್ದನ್ನೆಲ್ಲ ಅಳಿಸಿ ಬದಲಾದುದನ್ನು ಮಾತ್ರ ಉಳಿಸಿಕೊಂಡರೆ, ಜನ ನಡೆದ ದಾರಿಗಳೇ ಚಿತ್ರವಾಗಿ ಮೂಡುತ್ತವೆ. ಕಣ್ಣಿನಲ್ಲೂ ಹಾಗೆಯೇ. ಒಂದೇ ಜಾಗವನ್ನು ಕ್ಷಣಾರ್ಧದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಅಲುಗಾಡದೆ ಇದ್ದದ್ದು ಮಾಂಸದ ಪದರ, ಬದಲಾದದ್ದು ಹರಿಯುವ ರಕ್ತಕಣ. ಹೀಗೆ ಬಣ್ಣದ ಹಂಗಿಲ್ಲದೆ, ನೆತ್ತರಿನ ಓಟದಿಂದಲೇ ನೆತ್ತರಿನ ದಾರಿಗಳ ನಕ್ಷೆ ಸಿದ್ಧವಾಗುತ್ತದೆ.

ಈ ನಕ್ಷೆಯಲ್ಲಿ ಗ್ಲಾಕೋಮಾ ಹೇಗೆ ಕಾಣುತ್ತದೆ? ದೃಷ್ಟಿನರದ ಬುಡದ ಸುತ್ತ, ನರದ ಎಳೆಗಳ ಉದ್ದಕ್ಕೂ, ಸೂರ್ಯನ ಕಿರಣಗಳಂತೆ ಹರಡಿರುವ ಅತಿಸೂಕ್ಷ್ಮ ನಾಳಗಳ ಒಂದು ಬಲೆಯಿದೆ. ಆರೋಗ್ಯದ ಕಣ್ಣಿನಲ್ಲಿ ಅದು ಒತ್ತಾಗಿ ಹೆಣೆದ ಚಾಪೆಯಂತೆ ಕಾಣುತ್ತದೆ. ಗ್ಲಾಕೋಮಾ ಇರುವ ಕಣ್ಣಿನಲ್ಲಿ ಆ ಚಾಪೆ ಅಲ್ಲಲ್ಲಿ ಸಡಿಲವಾಗಿರುತ್ತದೆ, ಹಲವೊಮ್ಮೆ ಬುಡದಿಂದ ಹೊರಟ ಒಂದು ಕಪ್ಪು ಪಟ್ಟಿಯೇ ಕಾಣುತ್ತದೆ. ನರದ ಪದರ ತೆಳುವಾದ ಜಾಗಕ್ಕೂ, ರೋಗಿಗೆ ನೋಟ ಕುಂದಿದ ಭಾಗಕ್ಕೂ ಆ ಪಟ್ಟಿ ತಾಳೆಯಾಗುತ್ತದೆ. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಅದೇ ಡೇವಿಡ್ ಹುವಾಂಗರ ತಂಡದವರು ಗ್ಲಾಕೋಮಾ ಇರುವವರ ನರದ ಬುಡದಲ್ಲಿ ರಕ್ತದ ಹರಿವು ಕಡಿಮೆಯಿರುವುದನ್ನು ಈ ಕ್ರಮದಿಂದ ಅಳೆದು 2014ರಲ್ಲಿ ಪ್ರಕಟಿಸಿದರು. ಆಮೇಲೆ ಹಲವು ದೇಶಗಳ ವೈದ್ಯರು ಇದನ್ನು ದೃಢಪಡಿಸಿದ್ದಾರೆ. ಇಂಥ ಯಂತ್ರಗಳು 2015ರ ನಂತರ ಆಸ್ಪತ್ರೆಗಳಿಗೆ ಬರತೊಡಗಿದವು.

ಇಲ್ಲಿ ಒಂದು ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅಡಿಕೆ ತೋಟದ ಒಂದು ಮೂಲೆಯಲ್ಲಿ ಮರಗಳು ಒಣಗಿವೆ, ಅಲ್ಲಿಗೆ ಹೋಗುವ ಕಣಿಯಲ್ಲೂ ನೀರಿಲ್ಲ. ನೀರು ಇಲ್ಲದೆ ಮರ ಒಣಗಿತೋ, ಮರ ಸತ್ತ ಮೇಲೆ ಇನ್ನೇಕೆಂದು ಕಣಿಗೆ ನೀರು ಬಿಡುವುದನ್ನು ನಿಲ್ಲಿಸಿದರೋ, ಹೊರಗಿನಿಂದ ಬಂದು ನೋಡಿದವನಿಗೆ ಹೇಳಲಾಗದು. ನರ ಸತ್ತುದರಿಂದ ನಾಳ ಬತ್ತಿತೋ, ನಾಳ ಬತ್ತಿದ್ದರಿಂದ ನರ ಸತ್ತಿತೋ ಎಂಬ ಚರ್ಚೆ ವೈದ್ಯರಲ್ಲಿ ನಡೆಯುತ್ತಲೇ ಇದೆ. ಎರಡೂ ನಿಜವಿರಬಹುದು. ಆದರೆ ಒಣಗಿದ ಮೂಲೆ ಯಾವುದು, ಅದು ಹಬ್ಬುತ್ತಿದೆಯೇ ಎಂದು ತಿಳಿಯುವುದಕ್ಕೆ ಈ ಚರ್ಚೆ ಮುಗಿಯಬೇಕೆಂದಿಲ್ಲ.

ಹಬ್ಬುತ್ತಿದೆಯೇ ಎಂಬುದೇ ಮುಖ್ಯ ಮಾತು. ಅಂಗಡಿ ನಡೆಸುವವರು ಒಂದು ದಿನದ ಗಲ್ಲಾಪೆಟ್ಟಿಗೆ ನೋಡಿ ಲಾಭನಷ್ಟ ಹೇಳುವುದಿಲ್ಲ. ಹೋದ ವರ್ಷದ ಖಾತೆಯ ಪಕ್ಕದಲ್ಲಿ ಈ ವರ್ಷದ ಖಾತೆಯನ್ನಿಟ್ಟು ನೋಡುತ್ತಾರೆ. ಗ್ಲಾಕೋಮಾವನ್ನೂ ಹೀಗೆಯೇ ನೋಡಬೇಕು. ಆರೋಗ್ಯವಂತರಲ್ಲಿ ನರದ ಬುಡದ ಸುತ್ತಲಿನ ಎಳೆಗಳ ಪದರ ಸರಾಸರಿ 100 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ರೋಗ ಮುಂದುವರಿದಂತೆ ಇದು ಇಳಿಯುತ್ತದೆ. ಆದರೆ 50-60 ಮೈಕ್ರಾನ್ ಹತ್ತಿರ ಬಂದ ಮೇಲೆ, ನರದ ಎಳೆಗಳು ಸಾಯುತ್ತಿದ್ದರೂ ಅಳತೆ ಇಳಿಯುವುದಿಲ್ಲ, ಏಕೆಂದರೆ ಉಳಿದದ್ದು ಬೇರೆ ಅಂಗಾಂಶ. ತಕ್ಕಡಿಯ ಮುಳ್ಳು ಅಡಿಗೆ ಮುಟ್ಟಿ ನಿಂತಂತೆ. ಅಂಥ ಮುಂದುವರಿದ ರೋಗದಲ್ಲಿ ರಕ್ತನಾಳಗಳ ಒತ್ತುತನದ ಅಳತೆ ಇನ್ನೂ ಸ್ವಲ್ಪ ಕಾಲ ಇಳಿಯುತ್ತಾ ಹೋಗಿ ಬದಲಾವಣೆಯನ್ನು ತೋರಿಸಬಲ್ಲದೆಂದು ಅಧ್ಯಯನಗಳು ತಿಳಿಸಿವೆ. ಹಳೆಯ ಯಂತ್ರ ಮೌನವಾದಲ್ಲಿ ಹೊಸ ಯಂತ್ರ ಮಾತಾಡುವುದೆಂದರೆ ಇದೇ.

ಹಾಗೆಂದು ಯಂತ್ರವನ್ನೇ ದೇವರೆಂದು ನಂಬಬಾರದು. ಕಣ್ಣು ಅಲುಗಿದರೆ ಚಿತ್ರದಲ್ಲಿ ಸುಳ್ಳುಗೆರೆಗಳು ಬರುತ್ತವೆ. ಪೊರೆಯಿದ್ದರೆ ಬೆಳಕು ಒಳಹೋಗದೆ, ಇರುವ ನಾಳವೂ ಇಲ್ಲದಂತೆ ಕಾಣಬಹುದು. ವಯಸ್ಸಾದಂತೆ ನಾಳಗಳು ಸಹಜವಾಗಿಯೂ ಕಡಿಮೆಯಾಗುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಆ ಕಾಯಿಲೆಯಿಂದಲೇ ನಾಳಗಳು ಬತ್ತುತ್ತವೆ. ಒಂದು ಕಂಪೆನಿಯ ಯಂತ್ರದ ಅಂಕಿಯನ್ನು ಇನ್ನೊಂದು ಕಂಪೆನಿಯ ಯಂತ್ರದ ಅಂಕಿಯೊಂದಿಗೆ ಹೋಲಿಸುವಂತಿಲ್ಲ. ಒಂದೇ ಕಡೆ, ಒಂದೇ ಯಂತ್ರದಲ್ಲಿ ನೋಡಿಸುತ್ತಾ ಬಂದರೆ ಒಳ್ಳೆಯದು. ಈ ಚಿತ್ರವೊಂದನ್ನೇ ನಂಬಿ ರೋಗ ಇದೆ, ಇಲ್ಲ ಎಂದು ತೀರ್ಮಾನಿಸುವ ಕ್ರಮವಿಲ್ಲ. ಒತ್ತಡದ ಅಳತೆ, ನೀರು ಹೊರಹೋಗುವ ಮೂಲೆಯ ಪರೀಕ್ಷೆ, ನರದ ಬುಡದ ಪರೀಕ್ಷೆ, ಮಿಣುಕುವ ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತುವ ಫೀಲ್ಡ್ ಟೆಸ್ಟ್ ಇವೆಲ್ಲವೂ ಬೇಕು. ಓಸಿಟಿ ಆಂಜಿಯೋಗ್ರಫಿ ಇವುಗಳ ಸಾಲಿಗೆ ಸೇರಿದ ಇನ್ನೊಬ್ಬ ಸಾಕ್ಷಿ. ಫೀಲ್ಡ್ ಟೆಸ್ಟಿನಲ್ಲಿ ಕುಳಿತುಕೊಳ್ಳಲಾಗದ ಹಿರಿಯರಿಗೆ, ಗುಂಡಿ ಒತ್ತುವುದರಲ್ಲಿ ಗಲಿಬಿಲಿಯಾಗುವವರಿಗೆ ಈ ಸಾಕ್ಷಿಯ ಬೆಲೆ ಹೆಚ್ಚು.

ದೊಡ್ಡ ಯಂತ್ರಗಳು ದೊಡ್ಡ ಆಸ್ಪತ್ರೆಗಳಲ್ಲಿರುತ್ತವೆ, ಹಳ್ಳಿಯವರ ಗತಿಯೇನು ಎಂಬ ಮಾತಿಗೂ ಉತ್ತರವಿದೆ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಫೋರಸ್ ಹೆಲ್ತ್ ಎಂಬ ಕಂಪೆನಿಯು ಅಕ್ಷಿಪಟಲದ ಫೋಟೋ ತೆಗೆಯುವ, ಹೊತ್ತುಕೊಂಡು ಹೋಗಬಹುದಾದ ಒಂದು ಯಂತ್ರವನ್ನು ತಯಾರಿಸಿತು. ಅದಕ್ಕೆ ಇಟ್ಟ ಹೆಸರು ‘3ನೇತ್ರ’. ಮುಕ್ಕಣ್ಣನ ಭಕ್ತರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಬೈಲ್ ಫೋನಿಗೆ ಜೋಡಿಸಿ ಫೋಟೋ ತೆಗೆಯುವ ಉಪಕರಣಗಳೂ ಬೆಂಗಳೂರಿನಲ್ಲೇ ತಯಾರಾಗುತ್ತಿವೆ. ತೆಗೆದ ಚಿತ್ರವನ್ನು ಕಂಪ್ಯೂಟರೇ ಪರಿಶೀಲಿಸಿ ಇದು ಸಂಶಯಾಸ್ಪದ ಎಂದು ಸೂಚಿಸುವ ವ್ಯವಸ್ಥೆಯೂ ಬಂದಿದೆ. ಇವು ಸೂಕ್ಷ್ಮನಾಳಗಳ ನಕ್ಷೆಯನ್ನು ಕೊಡಲಾರವು. ಆದರೆ ಗುಳಿ ದೊಡ್ಡದಾದದ್ದನ್ನು, ಅಂಚಿನ ರಕ್ತದ ಗೆರೆಯನ್ನು ಹಿಡಿದು, ಯಾರು ದೊಡ್ಡ ಆಸ್ಪತ್ರೆಗೆ ಹೋಗಲೇಬೇಕೆಂದು ತಿಳಿಸಬಲ್ಲವು. ದೇವಸ್ಥಾನಗಳ ವಠಾರದಲ್ಲಿ ನಡೆಯುವ ಕಣ್ಣಿನ ಶಿಬಿರಗಳಲ್ಲಿ ಕನ್ನಡಕದ ನಂಬರು, ಪೊರೆ ಇವಿಷ್ಟನ್ನೇ ನೋಡಿ ಮುಗಿಸದೆ, 40 ದಾಟಿದವರ ಕಣ್ಣಿನ ಒತ್ತಡ ಅಳೆದು ಇಂಥ ಒಂದು ಫೋಟೋ ತೆಗೆಸಿದರೆ ಶಿಬಿರ ಸಾರ್ಥಕ.

ಹಿಡಿದ ಮೇಲೆ ಪ್ರಯೋಜನವೇನು? ಪ್ರಯೋಜನ ಬಹಳ ಇದೆ. ಸ್ವೀಡನ್ನಿನಲ್ಲಿ 255 ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಣ್ಣಿನ ಒತ್ತಡವನ್ನು ಒಂದೊಂದು ಮಿಲಿಮೀಟರ್ ಇಳಿಸಿದಂತೆ ರೋಗ ಮುಂದುವರಿಯುವ ಸಂಭವ ಸುಮಾರು ನೂರಕ್ಕೆ 10ರಂತೆ ಕಡಿಮೆಯಾಯಿತು. ಒತ್ತಡ ಹೆಚ್ಚಿದ್ದು ನರ ಇನ್ನೂ ಕೆಡದಿದ್ದ 1,636 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 5 ವರ್ಷಗಳಲ್ಲಿ ಮದ್ದು ಹಾಕದವರಲ್ಲಿ ನೂರಕ್ಕೆ 9.5 ಮಂದಿಗೆ ಗ್ಲಾಕೋಮಾ ಆಯಿತು. ಮದ್ದು ಹಾಕಿದವರಲ್ಲಿ 4.4 ಮಂದಿಗೆ ಮಾತ್ರ. ಹನಿಮದ್ದಿನ ಬದಲು ಲೇಸರ್ ಚಿಕಿತ್ಸೆಯೂ ಉಂಟು. ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿಗೇ ಲೇಸರ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 74 ಮಂದಿಯ ಒತ್ತಡ 3 ವರ್ಷಗಳ ಬಳಿಕವೂ ಹನಿಮದ್ದಿಲ್ಲದೆ ಹತೋಟಿಯಲ್ಲಿತ್ತು. ಇವೆರಡೂ ಸಾಲದಿದ್ದರೆ ನೀರು ಹೊರಹೋಗಲು ಹೊಸ ತೂಬು ಮಾಡಿಕೊಡುವ ಶಸ್ತ್ರಚಿಕಿತ್ಸೆಯಿದೆ. ಎಲ್ಲದರ ಗುರಿಯೂ ಒಂದೇ: ಇದ್ದುದನ್ನು ಉಳಿಸುವುದು.

ಇಲ್ಲೇ ಒಂದು ದೊಡ್ಡ ಎಡವಟ್ಟು. ಊರೂರಲ್ಲಿ ನಡೆಯುವಂಥ ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಎಪ್ಪತ್ತರ ಹರೆಯದ ಅಜ್ಜನೊಬ್ಬ. ಗಲ್ಫಿನಲ್ಲಿರುವ ಮಗ ಊರಿಗೆ ಬಂದಾಗ ಕಣ್ಣು ತೋರಿಸಿ ಹನಿಮದ್ದು ತಂದುಕೊಟ್ಟು ಹೋಗಿದ್ದಾನೆ. ಆರು ತಿಂಗಳು ಹಾಕಿದ ಅಜ್ಜ ಮತ್ತೆ ಬಿಟ್ಟುಬಿಟ್ಟ. ಎರಡು ವರ್ಷ ಕಳೆದು ಸೊಸೆ ಒತ್ತಾಯ ಮಾಡಿ ಕರೆದುಕೊಂಡು ಹೋದಾಗ ವೈದ್ಯರು ಕೇಳುತ್ತಾರೆ:

“ಅಜ್ಜಾ, ಮದ್ದು ಯಾಕೆ ನಿಲ್ಲಿಸಿದಿರಿ?”

“ಹಾಕಿದರೂ ಕಾಣುವುದು ಅಷ್ಟೇ, ಬಿಟ್ಟರೂ ಅಷ್ಟೇ ಡಾಕ್ಟ್ರೇ. ಸುಮ್ಮನೆ ಹುಡುಗನ ದುಡ್ಡು ಯಾಕೆ ಹಾಳು ಎಂದು.”

ವೈದ್ಯರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಎರಡು ವರ್ಷದ ಹಿಂದಿನದರಲ್ಲಿ ನಾಳಗಳ ಬಲೆಯಲ್ಲಿ ಒಂದು ಸಣ್ಣ ಕಪ್ಪು ಗೆರೆ. ಈಗಿನದರಲ್ಲಿ ಆ ಗೆರೆ ಕೈಬೆರಳಿನಷ್ಟು ಅಗಲವಾಗಿ, ಕೆಳಗಡೆ ಇನ್ನೊಂದು ಹುಟ್ಟಿಕೊಂಡಿದೆ. ಅಜ್ಜ ಬಹಳ ಹೊತ್ತು ನೋಡಿ, “ಇದು ಇಷ್ಟಾದದ್ದು ನನಗೆ ಗೊತ್ತೇ ಆಗಲಿಲ್ಲವಲ್ಲ” ಎನ್ನುತ್ತಾನೆ. ಮದ್ದಿನ ಉಪಕಾರ ರೋಗಿಯ ಅನುಭವಕ್ಕೆ ಬರುವುದಿಲ್ಲ, ಮದ್ದು ಬಿಟ್ಟದ್ದರ ಅಪಕಾರವೂ ಕೂಡಲೇ ಅನುಭವಕ್ಕೆ ಬರುವುದಿಲ್ಲ. ಎರಡನ್ನೂ ಕಣ್ಣಿಗೆ ಕಾಣುವಂತೆ ಮಾಡುವುದೇ ಈ ಚಿತ್ರಗಳಿಂದಾಗುವ ದೊಡ್ಡ ಉಪಕಾರ. ವೈದ್ಯರ ಹತ್ತು ಮಾತಿಗಿಂತ ಆ ಎರಡು ಚಿತ್ರಗಳು ರೋಗಿಯ ಮನಸ್ಸಿಗೆ ನಾಟುತ್ತವೆ.

ಆದುದರಿಂದ ಭಕ್ತಾದಿಗಳು ಕೆಲವು ಸಂಗತಿಗಳನ್ನು ಗಮನದಲ್ಲಿಟ್ಟುಕೊಳ್ಳಬೇಕು. 40 ವರ್ಷ ದಾಟಿದ ಮೇಲೆ, ನೋಟ ಸರಿಯಿದ್ದರೂ, ಒಮ್ಮೆ ಪಾಪೆ ಹಿಗ್ಗಿಸಿ ದೃಷ್ಟಿನರವನ್ನು ಪರೀಕ್ಷಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅವರ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವು ಇಂಥ ಹತ್ತಿರದ ಸಂಬಂಧಿಕರಿಗೆ ಅಪಾಯ ಸುಮಾರು 9 ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಹಿರಿಯರ ಆಸ್ತಿಯ ಪಾಲು ಕೇಳಲು ಸೇರುವ ಅಣ್ಣತಮ್ಮಂದಿರು ಈ ಪಾಲನ್ನೂ ವಿಚಾರಿಸಿಕೊಳ್ಳುವುದು ಲೇಸು.

ಕಣ್ಣು ಕೆಂಪಾಯಿತು, ತುರಿಸಿತು ಎಂದು ಚೀಟಿಯಿಲ್ಲದೆ ಮದ್ದಿನಂಗಡಿಯಿಂದ ಹನಿಮದ್ದು ತಂದು ತಿಂಗಳುಗಟ್ಟಲೆ ಹಾಕುವ ಅಭ್ಯಾಸ ಅಪಾಯಕರ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ನಿಲ್ಲುತ್ತದೆ, ಆದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಮಕ್ಕಳಿಗೂ ಬರಬಹುದು. ಉಬ್ಬಸ ಇರುವವರು ಅದನ್ನು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಟಿಮೋಲಾಲ್ ಎಂಬ ಹನಿಮದ್ದು ಅಂಥವರಿಗೆ ಆಗದು. ರಕ್ತದೊತ್ತಡಕ್ಕೆ ಮಾತ್ರೆ ತಿನ್ನುವವರು ಯಾವ ಮಾತ್ರೆ, ಯಾವ ಹೊತ್ತಿಗೆ ಎಂಬುದನ್ನೂ ತಿಳಿಸಬೇಕು. ರಾತ್ರಿ ರಕ್ತದೊತ್ತಡ ತೀರಾ ಇಳಿದರೆ ನರಕ್ಕೆ ನೆತ್ತರು ಸಾಲದೆ ಹೋಗಬಹುದು. ಹಾಗೆಂದು ಯಾವ ಮಾತ್ರೆಯನ್ನೂ ತಾವಾಗಿಯೇ ಬಿಡಬಾರದು.

ಗ್ಲಾಕೋಮಾದಲ್ಲಿ ಸದ್ದುಮಾಡಿ ಬರುವ ಬಗೆಯೂ ಒಂದಿದೆ. ಒಮ್ಮೆಲೇ ಕಣ್ಣು ಕೆಂಪಾಗಿ ಸಹಿಸಲಾಗದ ನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಇವು ಅದರ ಲಕ್ಷಣ. ಪಿತ್ತ ಕೆರಳಿತು ಎಂದು ಕಷಾಯ ಕುಡಿದು ಮಲಗುವ ಹೊತ್ತು ಅದಲ್ಲ. ಆ ದಿನವೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಗಡಿನಾಡಿನವರಿಗೆ ಇನ್ನೊಂದು ಮಾತು. ಇಲ್ಲಿಯವರ ಮನೆಮಾತು ಒಂದು, ಶಾಲೆಯ ಕನ್ನಡ ಒಂದು, ಆಸ್ಪತ್ರೆಯ ಮಾತು ಇನ್ನೊಂದು, ಚೀಟಿಯ ಮೇಲಿನ ಇಂಗ್ಲಿಷು ಮತ್ತೊಂದು. ಈ ನಾಲ್ಕರ ನಡುವೆ ರೋಗದ ಹೆಸರೇ ಕಳೆದುಹೋಗುತ್ತದೆ. ಕಣ್ಣಿಗೆ ಏನೋ ಹೇಳಿದರು, ಏನೋ ಮದ್ದು ಕೊಟ್ಟರು ಎಂದು ಬರುವವರೇ ಹೆಚ್ಚು. ವೈದ್ಯರೊಡನೆ ಸಂಕೋಚಪಡದೆ ರೋಗದ ಹೆಸರನ್ನು ಕೇಳಿ, ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಒಂದು ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಯಾವ ಮದ್ದು, ದಿನಕ್ಕೆ ಎಷ್ಟು ಸಲ, ಎಷ್ಟು ಕಾಲ, ಮುಂದೆ ಯಾವಾಗ ಬರಬೇಕು ಎಂಬುದನ್ನೂ ಬರೆಸಬೇಕು. ಸ್ಕ್ಯಾನಿನ ಕಾಗದಗಳನ್ನು ಒಂದೂ ಬಿಡದೆ ಒಂದೇ ಚೀಲದಲ್ಲಿ ಜೋಪಾನ ಮಾಡಬೇಕು. ಭೂಮಿಯ ಪತ್ರದಷ್ಟೇ ಅವು ಬೆಲೆಬಾಳುತ್ತವೆ. ಹಳೆಯ ಚಿತ್ರವಿಲ್ಲದಿದ್ದರೆ ಹೊಸ ಚಿತ್ರ ಅರ್ಧ ಮಾತ್ರ ಮಾತಾಡುತ್ತದೆ.

ಕಣ್ಣಿನ ಬೇನೆ ಬಂದಾಗ ದೇವರಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ ಹೇಳಿಕೊಳ್ಳುವುದು ಹಿರಿಯರು ನಡೆಸಿಕೊಂಡು ಬಂದ ಕ್ರಮ. ಅದು ಭಕ್ತಿಯ ವಿಷಯ, ಅದರಲ್ಲಿ ಕುಂದಿಲ್ಲ. ಆದರೆ ಬೆಳ್ಳಿಯ ಕಣ್ಣನ್ನು ಒಪ್ಪಿಸಿದವರು ದೇವರು ಕೊಟ್ಟ ಕಣ್ಣನ್ನು ಕಾಯುವ ಕೆಲಸವನ್ನು ದೇವರ ಮೇಲೆಯೇ ಹೊರಿಸಿ ಕೈಕಟ್ಟಿ ಕುಳಿತರೆ ಅದು ಭಕ್ತಿಯಾಗದು. ನಂದಾದೀಪ ಉರಿಯುತ್ತಿರಲಿ ಎಂದು ಪ್ರಾರ್ಥಿಸುವ ಅರ್ಚಕರು ಹೊತ್ತು ಹೊತ್ತಿಗೆ ಎಣ್ಣೆಯನ್ನೂ ಹಾಕುತ್ತಾರೆ, ಬತ್ತಿಯನ್ನೂ ಸರಿಸುತ್ತಾರೆ. ಗ್ಲಾಕೋಮಾದವರಿಗೆ ದಿನದ ಹನಿಮದ್ದು ಆ ಎಣ್ಣೆ. ಕಾಲಕಾಲದ ಪರೀಕ್ಷೆ ಬತ್ತಿ ಸರಿಸುವ ಕೆಲಸ.

ಮನೆಯಲ್ಲಿ ಹಿರಿಯರು ಇರುವವರು ಉತ್ಸವ ಮುಗಿಸಿ ಹೋದ ಮೇಲೆ ಈ ಒಂದು ವಿಷಯವನ್ನು ಮರೆಯದೆ ಮಾಡಲಿ. ಮುಂದಿನ ಉತ್ಸವದ ಒಳಗೆ ತಂದೆತಾಯಂದಿರ ಕಣ್ಣಿನ ನರವನ್ನು ಒಮ್ಮೆ ನೋಡಿಸಲಿ. ಶ್ರೀ ದೇವರು ಸಮಸ್ತ ಭಕ್ತರಿಗೂ ಆಯುರಾರೋಗ್ಯವನ್ನಿತ್ತು, ವರ್ಷ ವರ್ಷವೂ ತನ್ನ ದರ್ಶನಭಾಗ್ಯವನ್ನು ಕರುಣಿಸಲಿ.